ವಾಲಗ ಕೇಳಿದರೆ ಮೆಣಸು ಜಾಸ್ತಿ

ನನ್ನ ಮೈದುನ ಬೆಂಗಳೂರಿನ ಹೋಟೆಲ್ ಕೆಲಸ ಬಿಟ್ಟು ಬಂದು ನಮ್ಮ ಹೋಂಸ್ಟೇ ಅಡುಗೆಮನೆ ಹಿಡಿದ ಮೇಲೆ ಮೆನು ಅನ್ನೋದು ಹೆಸರಿಗೆ ಮಾತ್ರ. ಬೆಳಿಗ್ಗೆ ನಾನು ಬರೆದು ಗೋಡೆಗೆ ಅಂಟಿಸುತ್ತೇನೆ. ಊಟಕ್ಕೆ ಏನು ಬರುತ್ತದೆ ಅನ್ನೋದನ್ನು ಫ್ರಿಜ್ ಮೇಲಿನ ಬ್ಲೂಟೂತ್ ಸ್ಪೀಕರ್ ತೀರ್ಮಾನಿಸುತ್ತದೆ.

ರಾಜ್‌ಕುಮಾರ್ ಹಾಡು ಬಂದರೆ ಅಕ್ಕಿ ರೊಟ್ಟಿ, ಸೌಮ್ಯವಾದ ಪಲ್ಯ, ಗಲಾಟೆ ಇಲ್ಲ. ಹೆವಿ ಮೆಟಲ್ ಕೇಳಿಸಿದ ದಿನ ನಾನು ಮೇಜಿನ ಮೇಲೆ ಮೊದಲೇ ಇನ್ನೊಂದು ಜಗ್ ನೀರು ಇಟ್ಟುಬಿಡುತ್ತೇನೆ. ಇನ್ನು ವಾಲಗ. ಅದು ಶುರುವಾದರೆ ಕೊಡಗಿನಲ್ಲಿ ಯಾರ ಕಾಲೂ ಸುಮ್ನೆ ಇರಲ್ಲ, ಅಜ್ಜಂದಿರದ್ದೂ ಇರಲ್ಲ. ಇವನಿಗೆ ಕಾಲಿನ ಜೊತೆ ಕೈಯೂ ಕುಣಿಯುತ್ತದೆ, ಆ ಕೈಯಲ್ಲಿ ಕರಿಮೆಣಸಿನ ಪುಡಿಯ ಡಬ್ಬ ಇರುತ್ತದೆ.

"ಅಳತೆ ನೋಡಿ ಹಾಕು ಮಾರಾಯ" ಅಂದರೆ, "ವಾಲಗಕ್ಕೆ ಯಾರಾದ್ರೂ ಟೇಪು ಹಿಡ್ಕೊಂಡು ಕುಣೀತಾರಾ ಅತ್ತಿಗೆ?" ಅನ್ನುತ್ತಾನೆ.

ಸಾಲದ್ದಕ್ಕೆ ಫೋನಿನಲ್ಲಿ ಸಾಕ್ಷಿ ಬೇರೆ. ಇಂಗ್ಲೆಂಡಿನ ಶೆಫ್ ಹೆಸ್ಟನ್ ಬ್ಲೂಮೆಂತಾಲ್ 2007ರಲ್ಲಿ ಮೀನಿನ ಒಂದು ತಿನಿಸಿನ ಜೊತೆ ಶಂಖದೊಳಗೆ ಐಪಾಡ್ ಇಟ್ಟು, ಅಲೆಗಳ ಸದ್ದು ಕೇಳುತ್ತಾ ತಿನ್ನಿ ಅಂದರಂತೆ. ಆಕ್ಸ್‌ಫರ್ಡ್‌ನ ಚಾರ್ಲ್ಸ್ ಸ್ಪೆನ್ಸ್ ಮತ್ತು ಅವರ ಜೊತೆಗಾರರು, ಚಿಪ್ಸ್ ಕಚ್ಚುವ ಸದ್ದನ್ನು ಹೆಡ್‌ಫೋನಿನಲ್ಲಿ ಜೋರು ಮಾಡಿ ಕೇಳಿಸಿದರೆ ಅದೇ ಚಿಪ್ಸ್ ಇನ್ನೂ ಗರಿಗರಿ ಅನಿಸುತ್ತದೆ ಎಂದು ತೋರಿಸಿ, 2008ರಲ್ಲಿ ಇಗ್‌ನೊಬೆಲ್ ಪಡೆದರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ನಗಿಸುವ ಭಾಗವನ್ನು ಇವನು ನನಗೆ ಹೇಳಲೇ ಇಲ್ಲ.

ಆಷಾಢದ ಮಳೆಯಲ್ಲಿ ಬಂದ ಬೆಂಗಳೂರಿನ ಒಂದು ಕುಟುಂಬ ಪನೀರ್ ಬಟರ್ ಮಸಾಲ ಕೇಳಿತು. ಕೊಡಗಿಗೆ ಬಂದು ಪನೀರ್! ನನಗೂ ಬೇಜಾರೇ, ಆದರೆ ದುಡ್ಡು ಕೊಡುವವರು ಅವರು. ಒಳಗೆ ಮೆಟಲ್ ಹಚ್ಚಿಕೊಂಡು ಕೂತಿದ್ದವನಿಗೆ ಆ ವಿವೇಕ ಎಲ್ಲಿಂದ ಬರಬೇಕು? ಕಹಿ ಹೋಗಲೆಂದು ದಿನವೂ ನೀರು ಬದಲಿಸಿ ನೆನೆಹಾಕಿದ್ದ ಕಣಿಲೆ, ಅಂದರೆ ಎಳೆ ಬಿದಿರಿನ ಮೊಳಕೆ ಇತ್ತು, ಅದನ್ನೇ ಬೇಯಿಸಿ ಬೆಣ್ಣೆ ಗ್ರೇವಿಗೆ ಸುರಿದು, ಮೇಲೆ ಗಾಂಧಾರಿ ಮೆಣಸು ಜಜ್ಜಿ ಹಾಕಿ ಕಳಿಸಿದ. "ಈ ಪನೀರ್ ಯಾಕೆ ಕಟುಂ ಅನ್ನುತ್ತೆ?" ಎಂದು ಆ ಮನೆಯ ಹಿರಿಯರು ಕೇಳಿದರು. ನಾನು ಮಳೆ ನೋಡುತ್ತಾ ನಿಂತೆ. ಮೂಗು ಒರೆಸಿಕೊಂಡು ಇನ್ನೊಂದು ಸಲ ಬಡಿಸಿಕೊಂಡರು ಅನ್ನೋದು ಬೇರೆ ಮಾತು.

ಅದೇ ರಾತ್ರಿ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಕರೆಂಟ್ ಹೋಗೋದು ಸುದ್ದಿಯಲ್ಲ, ಸ್ಪೀಕರ್ ಚಾರ್ಜ್ ಮುಗಿದಿದ್ದು ಸುದ್ದಿ. ಒಗ್ಗರಣೆಗೆ ಎಣ್ಣೆ ಕಾದು ನಿಂತಿದೆ, ಇವನು ಸೌಟು ಹಿಡಿದು ನನ್ನ ಮುಖ ನೋಡುತ್ತಿದ್ದಾನೆ. "ಅತ್ತಿಗೆ, ಏನಾದ್ರೂ ಹಾಡಿ." ನನಗೆ ಬರೋದು ಭಜನೆ. ಹಾಡಿದೆ. ಆ ದಿನದ ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಬೀಳಲೇ ಇಲ್ಲ.

ಇಷ್ಟೆಲ್ಲ ಬಂಡಾಯ ಮಾಡುವವನು ಒಂದು ಕಡೆ ಮಾತ್ರ ತಾನಾಗಿ ಹಾಡು ನಿಲ್ಲಿಸುತ್ತಾನೆ. ಪಂದಿಕರಿಗೆ ಕಾಚಂಪುಳಿ ಹಾಕುವಾಗ. ಪಣಪುಳಿ ಅನ್ನೋ ಹುಳಿ ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿದ್ದು ಅದು, ಒಂದು ಚಮಚ ಹೆಚ್ಚಾದರೆ ಬಾಯಿ ಸೊಟ್ಟ. ರುಚಿಯ ಮೇಲಿನ ಗೌರವ ಎಂದು ಅವನು ಹೇಳಿಕೊಳ್ಳುತ್ತಾನೆ. ಆ ಹೊತ್ತಿಗೆ ಸರಿಯಾಗಿ ಅತ್ತೆ ಬಂದು ಬಾಗಿಲಲ್ಲಿ ನಿಂತಿರುತ್ತಾರೆ ಅನ್ನೋದನ್ನು ಯಾಕೆ ಹೇಳಲ್ಲವೋ.

ಮೊನ್ನೆ ಪನೀರ್ ಕುಟುಂಬದಿಂದ ಮೆಸೇಜ್ ಬಂತು. ಆ ಕಟುಂ ಅನ್ನೋ ಕರಿಯ ರೆಸಿಪಿ ಬೇಕಂತೆ. ಇವನು ಯೋಚಿಸಿ, ತಲೆ ಕೆರೆದುಕೊಂಡು, ಮೂರು ಹಾಡಿನ ಲಿಂಕ್ ಕಳಿಸಿದ. ಸಂಜೆ ಉತ್ತರ ಬಂತು: "ಕೇಳಿದ್ವಿ, ಕಿವಿ ಇನ್ನೂ ಗುಂಯ್ ಅಂತಿದೆ. ಉಪ್ಪು ಯಾವ ಹಾಡಲ್ಲಿ ಹಾಕಬೇಕು?"