ಕನ್ನಡಕ, ಟೈ ಮತ್ತು ಪಂಕ್

ವೇಗದ, ಬಂಡಾಯದ ರಾಕ್ ಪ್ರಕಾರವಾದ ಪಂಕ್ ಸಂಗೀತದ ಮೂಲಗುಣ ಸಿಟ್ಟು, ಹಾಸ್ಯವೇನಿದ್ದರೂ ಮೇಲಿನ ಒಗ್ಗರಣೆ ಎಂದು ಪಂಕ್ ಕುರಿತ ಲೇಖನವೊಂದು ಹೇಳುತ್ತದೆ; ಅದರ ಲೇಖಕರ ಈ ಮಾತನ್ನು ಒಪ್ಪುವುದು ಕಷ್ಟ. ಕ್ಯಾಲಿಫೋರ್ನಿಯಾದ ಡಿಸೆಂಡೆಂಟ್ಸ್ ತಂಡ 1982ರಲ್ಲಿ ಹೊರತಂದ ‘ಮೈಲೋ ಗೋಸ್ ಟು ಕಾಲೇಜ್’ ಆಲ್ಬಮ್‌ನಲ್ಲಿ ಹಾಸ್ಯವು ಶೀರ್ಷಿಕೆಯಿಂದಲೇ ಆರಂಭವಾಗುತ್ತದೆ. ಗಾಯಕ ಮೈಲೋ ಆಕರ್‌ಮನ್ ಜೀವಶಾಸ್ತ್ರ ಓದಲು ಹೊರಟದ್ದನ್ನೇ ಹೆಸರಾಗಿಸಿಕೊಂಡ ಗೆಳೆಯರು, ಕನ್ನಡಕ ಹಾಕಿ ಟೈ ಕಟ್ಟಿದ ಅವರ ವ್ಯಂಗ್ಯಚಿತ್ರವನ್ನು ಮುಖಪುಟದಲ್ಲಿ ಅಚ್ಚು ಹಾಕಿಸಿದರು. ಬಂಡಾಯವೇ ಸಮವಸ್ತ್ರವಾಗುತ್ತಿದ್ದ ಕಾಲದಲ್ಲಿ ಪುಸ್ತಕದ ಹುಳುವೊಬ್ಬನನ್ನು ನಾಯಕನಾಗಿಸಿದ್ದು ಸಣ್ಣ ತಮಾಷೆಯಲ್ಲ. (ಆಕರ್‌ಮನ್ ಮುಂದೆ ನಿಜಕ್ಕೂ ಡಾಕ್ಟರೇಟ್ ಪಡೆದರು.) ಸುಮಾರು 22 ನಿಮಿಷಗಳಲ್ಲಿ 15 ಹಾಡುಗಳು ಓಡಿಹೋಗುತ್ತವೆ. ಅವುಗಳಲ್ಲಿ ತಂಡದ ಬಾಸ್ ಗಿಟಾರ್ ವಾದಕ ಟೋನಿ ಲೊಂಬಾರ್ಡೊ ಬರೆದ ‘ಸಬರ್ಬನ್ ಹೋಮ್’ ನನಗೆ ಎಲ್ಲಕ್ಕಿಂತ ಜಾಣತನದ್ದೆನಿಸುತ್ತದೆ. ಎಲ್ಲರಂತೆ ತನಗೂ ಊರಾಚೆಯ ಬಡಾವಣೆಯಲ್ಲೊಂದು ಮನೆ ಬೇಕೆಂದು ಗಂಟಲು ಹರಿಯುವಂತೆ ಕೂಗುವವನು ಮಧ್ಯಮವರ್ಗವನ್ನು ಅಣಕಿಸುತ್ತಿದ್ದಾನೋ, ಅದನ್ನೇ ಬಯಸುತ್ತಿದ್ದಾನೋ ಎಂಬುದು ಕೊನೆಯವರೆಗೂ ಬಗೆಹರಿಯುವುದಿಲ್ಲ. ಸಿಟ್ಟು ಮತ್ತು ನಗು ಇಲ್ಲಿ ಬೇರೆ ಬೇರೆಯಾಗಿಲ್ಲ. ಆದರೆ ಎಲ್ಲ ಚೇಷ್ಟೆಯನ್ನೂ ಸಮರ್ಥಿಸಲಾಗದು: ‘ಐ ಆಮ್ ನಾಟ್ ಎ ಲೂಸರ್’ ಹಾಡಿನಲ್ಲಿ ಸಲಿಂಗಿಗಳನ್ನು ಹೀಯಾಳಿಸುವ ಮಾತು ಅಂದಿಗೂ ಅಗ್ಗದ್ದೇ ಆಗಿತ್ತು, ಲೇಖನವು ಅದನ್ನು ಪ್ರಸ್ತಾಪಿಸಬೇಕಿತ್ತು.