ಉಜ್ಜಿದ್ಯೇನೋ?

ಆಯುಧ ಪೂಜೆಯ ದಿನ ಮಂಗಳಾರತಿ ತಟ್ಟೆ ಹತ್ತಿರ ಬಂತು ಅಂತ ಎರಡೂ ಕೈ ಚಾಚಿದೆ. ಅರ್ಚಕರು ನನ್ನ ಕೈ ನೋಡಿದರು, ಮುಖ ನೋಡಿದರು, ಮತ್ತೆ ಕೈ ನೋಡಿದರು. ಅಂಗೈ, ಬೆರಳ ಸಂದು, ಉಗುರಿನ ಸುತ್ತ ಎಲ್ಲಾ ಕಪ್ಪು. ಮುಟ್ಟಿದರೆ ತರಿ ತರಿ. "ತೊಳ್ಕೊಂಡೇ ಬಂದಿದೀನಿ, ಇದು ಹೋಗಲ್ಲ" ಅಂದೆ. ಹಿಂದೆ ನಿಂತಿದ್ದ ಹೆಂಡತಿ "ಗಾಡಿಗೆ ಬಳಿಯೋ ಬಣ್ಣ ಸ್ವಾಮಿ, ಮಿಕ್ಕಿದ್ದನ್ನ ಇವರು ಬಳ್ಕೊಂಡಿದಾರೆ" ಅಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅರ್ಚಕರೂ ನಕ್ಕರು, ಆದರೆ ತಟ್ಟೆಯನ್ನು ಒಂದು ಗೇಣು ದೂರವೇ ಹಿಡಿದಿದ್ದರು.

ನಾನಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ. ನಮ್ಮ ಬೀದಿಯಲ್ಲಿ ಮನೆಗೊಂದು ಪಿಕಪ್ ನಿಂತಿರುತ್ತೆ. ದಿನವಿಡೀ ಕೀಬೋರ್ಡ್ ಕುಟ್ಟೋ ನನಗೆ ಪಿಕಪ್ ಯಾಕೆ ಅಂತ ಹೆಂಡತಿ ಕೇಳಿದಾಗ ಗೊಬ್ಬರದ ಮೂಟೆ, ಕರಿಬೇವಿನ ಕುಂಡ ಅಂತ ಏನೇನೋ ಹೇಳಿದ್ದೆ. ನಿಜ ಹೇಳಬೇಕಂದ್ರೆ ಆಸೆ, ಅಷ್ಟೇ. ಈಗ ಅದು ಜಾಸ್ತಿ ಓಡಾಡೋದು ಕನ್ನಡ ಕಾರ್ಯಕ್ರಮಗಳಿಗೆ ಬಿಸಿಬೇಳೆಬಾತ್ ಪಾತ್ರೆ ಸಾಗಿಸೋಕೆ ಮತ್ತು ಪರಿಚಯದವರ ಮನೆ ಬದಲಾಯಿಸೋಕೆ. ಪಿಕಪ್ ಇರೋನಿಗೆ ಸ್ನೇಹಿತರು ಜಾಸ್ತಿ.

ಅದರ ಹಿಂಭಾಗಕ್ಕೆ ಇಲ್ಲಿಯವರು ಬೆಡ್ ಅಂತಾರೆ. ನಾನು ತೊಟ್ಟಿ ಅಂತೀನಿ, ಯಾಕಂದ್ರೆ ಮಳೆ ಬಂದಾಗ ಅದು ತೊಟ್ಟಿಯೇ. ಫೋರ್ಡ್‌ನವರು ಎಫ್-150 ಪಿಕಪ್ಪಿನ ಬಾಡಿಯನ್ನು 2015ರ ಮಾದರಿಯಿಂದ ಅಲ್ಯೂಮಿನಿಯಂನಲ್ಲಿ ಮಾಡೋಕೆ ಶುರು ಮಾಡಿದರು. ಟೊಯೋಟಾ ಟಕೋಮಾದ ತೊಟ್ಟಿ ಇನ್ನೂ ಮುಂಚಿನಿಂದಲೇ ಪ್ಲಾಸ್ಟಿಕ್ ಜಾತಿಯದು. ನನ್ನ ಗಾಡಿ ಇವೆರಡೂ ಅಲ್ಲ. ಅಪ್ಪಟ ಉಕ್ಕು, ಅದೂ ಹಳೇದು. ಹಾಗಾಗಿ ತುಕ್ಕು ಹಿಡಿಯೋ ಎಲ್ಲಾ ಹಕ್ಕೂ ಅದಕ್ಕಿದೆ.

ತೊಟ್ಟಿಯ ಕಥೆಗೆ ಮುಂಚೆ ನನ್ನ ಹಳೇ ಪಾಪವೊಂದನ್ನು ಒಪ್ಪಿಕೊಳ್ಳಬೇಕು.

ಅದಕ್ಕೆ ಒಂದು ವರ್ಷ ಮುಂಚೆ, ಹಿಂದಿನ ಚಕ್ರದ ಮೇಲಿನ ಗೀರು ಮುಚ್ಚೋಣ ಅಂತ ಸ್ಪ್ರೇ ಡಬ್ಬಿ ತಂದಿದ್ದೆ. ಹಿಂದಿನ ದಿನವಷ್ಟೇ ಟೈರುಗಳಿಗೆ ಪಳಪಳ ಅನ್ನಲಿ ಅಂತ ಸಿಲಿಕೋನ್ ಇರೋ ಪಾಲಿಶ್ ಹೊಡೆದಿದ್ದೆ. ಅದರ ಹನಿ ಗಾಳಿಯಲ್ಲಿ ತೇಲಿ ಅಕ್ಕಪಕ್ಕ ಕೂತಿತ್ತು ಅನ್ನೋದು ಆಮೇಲೆ ಗೊತ್ತಾಗಿದ್ದು. ಸಿಲಿಕೋನ್ ಇದ್ದ ಕಡೆ ಬಣ್ಣ ನಿಲ್ಲಲ್ಲ, ಸುತ್ತ ಸರಿದುಬಿಡುತ್ತೆ. ಹೊಡೆದ ಎರಡೇ ನಿಮಿಷಕ್ಕೆ ಸೆಟ್ ದೋಸೆ ಮೇಲೆ ಬೀಳುತ್ತಲ್ಲ, ಅಂಥ ತೂತುಗಳು. ತೂತು ಮುಚ್ಚೋಕೆ ಇನ್ನಷ್ಟು ಹೊಡೆದೆ. ಬಣ್ಣ ಸೋರಿತು. ಸೋರಿದ್ದನ್ನು ಬೆರಳಲ್ಲಿ ಒರೆಸಿದೆ. ಆ ಬೆರಳಚ್ಚು ಇವತ್ತಿಗೂ ಇದೆ, ಪೊಲೀಸರಿಗೆ ಬೇಕಾದರೆ ಕೊಡಬಹುದು.

ಡಬ್ಬಿ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಎರಡನೇ ಕೋಟ್ ಹೊಡೆಯೋದಾದ್ರೆ 1 ಗಂಟೆಯೊಳಗೆ ಹೊಡಿ, ಇಲ್ಲಾಂದ್ರೆ 48 ಗಂಟೆ ಬಿಟ್ಟು ಹೊಡಿ. ನಾನು ಮಾರನೇ ದಿನ ಬೆಳಿಗ್ಗೆ ಕಾಫಿ ಕುಡಿದು ಹೊಡೆದೆ. ಅರ್ಧಂಬರ್ಧ ಒಣಗಿದ ಬಣ್ಣದ ಮೇಲೆ ಹೊಸದು ಬಿದ್ದರೆ ಅದರಲ್ಲಿರೋ ತಿನ್ನರ್ ಕೆಳಗಿನ ಪದರವನ್ನು ನೆನೆಸಿ ಉಬ್ಬಿಸುತ್ತೆ. ಕಣ್ಣೆದುರೇ ಬಣ್ಣ ಕಾದ ಹಾಲಿನ ಕೆನೆ ಹಾಗೆ ಸುಕ್ಕುಗಟ್ಟಿತು. ಅದರ ಮೇಲೆ ಒಂದು ಹುಳ ಬಂದು ಕೂತಿತು. ಅದೂ ಅಲ್ಲೇ ಉಳಿಯಿತು.

ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಕೇಳಿದ್ದು ಒಂದೇ ಮಾತು. "ಉಜ್ಜಿದ್ಯೇನೋ?"

ಅಪ್ಪನಿಗೆ ಆ ಪ್ರಶ್ನೆ ಕೇಳೋ ಅಧಿಕಾರ ಇದೆ. ತಿಪಟೂರಿನಲ್ಲಿ ನಮ್ಮ ಬಜಾಜ್ ಚೇತಕ್‌ಗೆ ಡ್ಯೂಕೋ ಹೊಡೆಸಿದಾಗ ಮೂರೂ ದಿನ ಟಿಂಕರಿಂಗ್ ಶೆಡ್ಡಿನ ಮುಂದೆ ಸ್ಟೂಲ್ ಹಾಕ್ಕೊಂಡು ಕೂತವರು ಅವರು. ಸ್ಕೂಲ್ ಮುಗಿಸಿ ನಾನೂ ಹೋಗಿ ನಿಲ್ತಿದ್ದೆ. ಇಬ್ಬರು ಹುಡುಗರು ವಾಟರ್ ಪೇಪರ್ ಹಿಡಿದು, ನೀರು ಚಿಮುಕಿಸಿ ಚಿಮುಕಿಸಿ, ಎರಡು ದಿನ ಬರೀ ಉಜ್ಜಿದರು. ತಗ್ಗು ತುಂಬೋ ಪಟ್ಟಿ ಹಾಕೋದು, ಉಜ್ಜೋದು, ಪ್ರೈಮರ್ ಹೊಡೆಯೋದು, ಮತ್ತೆ ಉಜ್ಜೋದು. ಮೂರನೇ ದಿನ ಮೇಸ್ತ್ರಿ ಬಂದು, ಬೀಡಿ ಆರಿಸಿ, ಕಂಪ್ರೆಸರ್ ಹಾಕಿ, ಅರ್ಧ ಗಂಟೆಯಲ್ಲಿ ಸುಯ್ ಸುಯ್ ಅಂತ ಬಣ್ಣ ಹೊಡೆದು ಹೋದ. ಸ್ಕೂಟರ್ ಕನ್ನಡಿ ಆಯಿತು. ನಾನು ತಲೆಯಲ್ಲಿ ಇಟ್ಟುಕೊಂಡಿದ್ದು ಆ ಅರ್ಧ ಗಂಟೆಯನ್ನು ಮಾತ್ರ.

ಅಂದಹಾಗೆ ಡ್ಯೂಕೋ ಅನ್ನೋದು ನಮ್ಮೂರಿನ ಮಾತು ಅಂತಲೇ ನಾನು ತುಂಬಾ ದಿನ ತಿಳಿದಿದ್ದೆ. ಅದು ಅಮೆರಿಕದ ಡ್ಯುಪಾಂಟ್ ಕಂಪನಿಯ ಬಣ್ಣದ ಹೆಸರು. 1923ರಲ್ಲಿ ಜನರಲ್ ಮೋಟಾರ್ಸ್‌ನವರು ತಮ್ಮ ಓಕ್‌ಲ್ಯಾಂಡ್ ಕಾರುಗಳಿಗೆ ಅದನ್ನು ಹೊಡೆಯೋಕೆ ಶುರು ಮಾಡಿದರು. ಅದಕ್ಕೆ ಮುಂಚೆ ಕಾರಿಗೆ ಬಣ್ಣ ಬಳಿದು ಒಣಗಿಸೋಕೇ ವಾರಗಟ್ಟಲೆ ಹಿಡೀತಿತ್ತಂತೆ. ಅದು ಹುಟ್ಟಿದ ದೇಶದಲ್ಲೇ ಇದೀನಲ್ಲ ಅಂತ ಇಲ್ಲಿನ ಅಂಗಡಿಗೆ ಹೋಗಿ ಠೀವಿಯಿಂದ "ಡ್ಯೂಕೋ ಇದೆಯಾ" ಅಂತ ಕೇಳಿದೆ. ಕೌಂಟರಿನ ಹುಡುಗ ಟೇಪು, ಗೋಂದು ಇರೋ ಸಾಲು ತೋರಿಸಿದ.

ಇರಲಿ. ತೊಟ್ಟಿಗೆ ಬರೋಣ. ತುಕ್ಕು ಹಿಡಿದ ತೊಟ್ಟಿಗೆ ಬೆಡ್ ಲೈನರ್, ಅಂದರೆ ಒಳಮೈ ಕಾಯೋ ಹೊದಿಕೆ, ಹಾಕಿಸೋದು ಅಂತ ತೀರ್ಮಾನ ಮಾಡಿದೆ. ತೊಟ್ಟಿಯ ಆಕಾರದ್ದೇ ದಪ್ಪ ಪ್ಲಾಸ್ಟಿಕ್ ತಟ್ಟೆ ಸಿಗುತ್ತೆ, ತಂದು ಒಳಗೆ ಕೂರಿಸಿದರೆ ಮುಗೀತು. ನೋಡೋಕೆ ಚೆಂದ. ಆದರೆ ಅದರ ಕೆಳಗೆ ನೀರು, ಮಣ್ಣು ಸೇರಿಕೊಂಡು, ಗಾಡಿ ಓಡಿದಂತೆಲ್ಲ ಪ್ಲಾಸ್ಟಿಕ್ ಅಲುಗಾಡಿ ಬಣ್ಣ ತಿಂದು, ಮೇಲೆ ಹೊಸದರ ಹಾಗೆ ಕಾಣ್ತಾ ಕೆಳಗೆ ತುಕ್ಕು ತನ್ನ ಪಾಡಿಗೆ ಸಂಸಾರ ಮಾಡ್ತಾ ಇರುತ್ತೆ. ಇನ್ನೊಂದು, ಅಂಗಡಿಯಲ್ಲಿ ಹೊಡೆಸೋದು. ಪಾಲಿಯೂರಿಯಾ, ಪಾಲಿಯುರಿಥೇನ್ ಅಂತಾರೆ. ಎರಡು ದ್ರಾವಣ ಬಿಸಿ ಮಾಡಿ, ಭಾರೀ ಒತ್ತಡದಲ್ಲಿ ಗನ್ನಿನ ತುದಿಯಲ್ಲಿ ಕೂಡಿಸಿ ಹೊಡೀತಾರೆ, ಸೆಕೆಂಡುಗಳಲ್ಲಿ ಗಟ್ಟಿ. ಕಲ್ಲು ಸುರಿದರೂ ಜಗ್ಗಲ್ಲ. ನಮ್ಮ ಹತ್ತಿರದ ಅಂಗಡಿಯವನು 600 ಡಾಲರ್ ಅಂದ. ಗಾಡಿಯ ಬೆಲೆ ನೆನಪಾಗಿ ಸುಮ್ನೆ ವಾಪಸ್ ಬಂದೆ.

ಮಿಕ್ಕಿದ್ದು ಡಬ್ಬಿ ತಂದು ನಾವೇ ರೋಲರಿನಲ್ಲಿ ಬಳಿಯೋದು. ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್. ನನ್ನ ಐದೂವರೆ ಅಡಿ ತೊಟ್ಟಿಗೆ ಎರಡು ಕೋಟ್ ಆಗುತ್ತೆ. ರೋಲರ್, ಬ್ರಷ್ ಸೇರಿ 120 ಡಾಲರ್. ಆದರೆ ನನ್ನನ್ನು ಬೀಳಿಸಿದ್ದು ಬೆಲೆ ಅಲ್ಲ, ಚಿತ್ರ. ಬಣ್ಣದಲ್ಲೇ ರಬ್ಬರಿನ ಚೂರು ಕಲೆಸಿರ್ತಾರೆ, ಸಾಮಾನು ಜಾರದೇ ಇರಲಿ ಅಂತ. ಒಣಗಿದ ಮೇಲೆ ಗಂಟು ಗಂಟಾಗಿ, ತರಿ ತರಿಯಾಗಿ ಇರೋದೇ ಅದರ ಲಕ್ಷಣ. ಯೋಚನೆ ಮಾಡಿ. ಗಂಟಾದರೆ ತಪ್ಪಲ್ಲ, ತರಿಯಾದರೆ ತಪ್ಪಲ್ಲ, ಹುಳ ಕೂತರೆ ಗೊತ್ತೇ ಆಗಲ್ಲ. ಇಡೀ ಪ್ರಪಂಚದಲ್ಲಿ ನನ್ನ ಕೈಗುಣಕ್ಕೆ ಅಂತಲೇ ಮಾಡಿದ ಬಣ್ಣ!

ದಸರೆಗೆ ಇನ್ನೊಂದು ವಾರ ಇತ್ತು. ಶನಿವಾರ ಬೆಳಿಗ್ಗೆ ಶುರು ಮಾಡಿದೆ. ಅಕ್ಟೋಬರಾದರೂ 95 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 35. ಈ ಸಲ ಉಜ್ಜಿದೆ. ಸತ್ಯವಾಗಿ ಉಜ್ಜಿದೆ. ಹಳೇ ಬಣ್ಣದ ಹೊಳಪೆಲ್ಲ ಹೋಗಿ ಮಂಕಾಗಬೇಕು, ಆಗಲೇ ಹೊಸದು ಹಿಡಿಯೋದು. ತೊಟ್ಟಿಯ ತಳದಲ್ಲಿ ಉದ್ದಕ್ಕೂ ಏರು ತಗ್ಗಿನ ಗೆರೆ, ಒಂದೊಂದು ಸಂದಿಗೂ ಬೆರಳು ತೂರಿಸಿ ಉಜ್ಜಬೇಕು. ಮುಕ್ಕಾಲು ಭಾಗ ಆಗೋ ಹೊತ್ತಿಗೆ ಸೊಂಟ ಹೋಯಿತು. ಎಡಗಡೆ ಚಕ್ರದ ಗೂಡಿನ ಹಿಂದೆ ಒಂದು ಮೂಲೆ ಉಳಿಯಿತು. ಅಲ್ಲಿ ಯಾರು ನೋಡ್ತಾರೆ?

ಆಮೇಲೆ ಎಣ್ಣೆ ಜಿಡ್ಡು ಹೋಗೋಕೆ ಅಸಿಟೋನ್ ಹಾಕಿ ಒರೆಸಬೇಕು. ಅದೂ ಆ ಮೂಲೆಗೆ ಬರೋ ಹೊತ್ತಿಗೆ ಖಾಲಿ. ಹೆಂಡತಿಯ ಉಗುರು ಬಣ್ಣ ತೆಗೆಯೋ ಬಾಟಲಿ ಮೇಲೆ ಅಸಿಟೋನ್ ಅಂತ ಬರೆದಿದ್ದು ನೆನಪಾಗಿ ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಉಗುರು ಒಣಗದೇ ಇರಲಿ ಅಂತ ಅದರಲ್ಲಿ ಎಣ್ಣೆಯಂಥದ್ದೂ ಸೇರಿಸಿರ್ತಾರೆ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ಸಣ್ಣ ಅಕ್ಷರ ಓದೋ ವಯಸ್ಸು ನನಗೆ ದಾಟಿದೆ.

ಡಬ್ಬಿ ತೆರೆದೆ. ಮುಖಕ್ಕೆ ಸರಿಯಾದ ಫಿಲ್ಟರ್ ಇರೋ ಮಾಸ್ಕ್ ಹಾಕಿದ್ದೆ, ಇಡೀ ಕೆಲಸದಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದೇ, ಯಾಕಂದ್ರೆ ಅದರ ಹೊಗೆ ಎದೆಗೆ ಒಳ್ಳೇದಲ್ಲ. ರಬ್ಬರಿನ ಚೂರೆಲ್ಲ ತಳದಲ್ಲಿ ಕೂತು ಗಟ್ಟಿಯಾಗಿತ್ತು. ಅಂಗಡಿಯವರು ಕೊಟ್ಟಿದ್ದ ತೆಳ್ಳನೆ ಕಡ್ಡಿ ಮೂರನೇ ಸುತ್ತಿಗೇ ಲಟಕ್ ಅಂತು. ಹೊರಗೆ ಮೋಡ ಬೇರೆ ಕವೀತಿದೆ. ಗ್ಯಾರೇಜಿನಿಂದ ಅಡುಗೆಮನೆಗೆ ಹತ್ತು ಹೆಜ್ಜೆ. ಅಲ್ಲಿ, ಒಲೆ ಪಕ್ಕ, ನಮ್ಮ ಅತ್ತೆ ಊರಿಂದ ಸೂಟ್‌ಕೇಸಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟು ತಂದಿದ್ದ ಮುದ್ದೆ ಕೋಲು.

ಗಂಟಿಲ್ಲದ ಹಾಗೆ ತಿರುವೋಕೆ ಅದಕ್ಕಿಂತ ಒಳ್ಳೇ ಸಾಧನ ಮನುಷ್ಯ ಕಂಡುಹಿಡಿದಿಲ್ಲ. ಡಬ್ಬಿಯನ್ನು ಎರಡು ಪಾದದ ನಡುವೆ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವಿದೆ. ಕಪ್ಪು ರಾಗಿ ಮುದ್ದೆಯೇ. ಸೊಗಸಾಗಿ ಬಂತು. ತೊಳೆದು ಇಟ್ಟುಬಿಟ್ಟರಾಯಿತು ಅಂದುಕೊಂಡೆ.

ಬಳಿಯೋದೇನೋ ಒಂದು ಗಂಟೆಯಲ್ಲಿ ಮುಗೀತು. ಎರಡನೇ ಕೋಟ್ ಸಂಜೆಗೆ. ಮಧ್ಯದಲ್ಲಿ ಗ್ಲೌಸ್ ಹರಿದಿದ್ದು ಗೊತ್ತಾಗಲೇ ಇಲ್ಲ. ಈ ಬಣ್ಣ ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗೋ ಜಾತಿ. ಬೆವರಿದ ಕೈಗಿಂತ ಒಳ್ಳೇ ಜಾಗ ಅದಕ್ಕೆ ಎಲ್ಲಿ ಸಿಗಬೇಕು? ಸೋಪು, ಕೊಬ್ಬರಿ ಎಣ್ಣೆ, ನಿಂಬೆಹಣ್ಣು, ಪಾತ್ರೆ ಉಜ್ಜೋ ನಾರು, ಎಲ್ಲಾ ಆಯಿತು. ಒಣಗಿದ ಮೇಲೆ ಚರ್ಮ ಸವೆದು ಹೋಗೋವರೆಗೂ ಕಾಯೋದೊಂದೇ ದಾರಿ.

ಅಷ್ಟರಲ್ಲಿ ಎರಡು ಹನಿ ಮಳೆ ಬಿತ್ತು. ಗಾಬರಿಯಲ್ಲಿ ತೊಟ್ಟಿಯ ಹಿಂದಿನ ಬಾಗಿಲು ಎತ್ತಿ ದಡಾರ್ ಅಂತ ಮುಚ್ಚಿ ಗಾಡಿಯನ್ನು ಗ್ಯಾರೇಜಿನೊಳಗೆ ತಂದೆ. ಹಸಿ ಬಣ್ಣಕ್ಕೆ ಹಸಿ ಬಣ್ಣ ಅಂಟಿ ಭಾನುವಾರ ಬೆಳಿಗ್ಗೆ ಬಾಗಿಲೂ ತೊಟ್ಟಿಯೂ ಒಂದೇ ಆಗಿದ್ದವು. ಪಕ್ಕದ ಮನೆಯ ಅಜ್ಜ ರಬ್ಬರ್ ಸುತ್ತಿಗೆ ಹಿಡಿದು ಬಂದರು. ಅರ್ಧ ಗಂಟೆ ಕುಟ್ಟಿ, ಪಟ್ಟಿ ಬ್ಲೇಡ್ ತೂರಿಸಿ ಬಿಡಿಸಿದರು. ಬಿಡಿಸಿದ ಮೇಲೆ ಸುತ್ತ ಅಂಟಿಸಿದ್ದ ಟೇಪ್ ಕಡೆ ಬೊಟ್ಟು ಮಾಡಿ, ಇದನ್ನು ಬಣ್ಣ ಹಸಿ ಇದ್ದಾಗಲೇ ಕೀಳಬೇಕಿತ್ತಲ್ಲ ಮಗ, ಅನ್ನೋ ಅರ್ಥದಲ್ಲಿ ಏನೋ ಹೇಳಿ ಮನೆಗೆ ಹೋದರು. ಬ್ಲೇಡಿನಲ್ಲಿ ಕುಯ್ದು ಕುಯ್ದು ತೆಗೆದೆ. ಅಂಚು ಇಲಿ ಕಡಿದ ಚಪಾತಿ ಹಾಗಿದೆ.

ಸೋಮವಾರ ರಾತ್ರಿ ಅಡುಗೆಮನೆಯಿಂದ ಕೂಗು ಬಂತು. "ರೀ, ಮುದ್ದೆ ಕೋಲು ಎಲ್ಲಿ?"

ಸಿಕ್ಕಿತು. ಗ್ಯಾರೇಜಿನಲ್ಲಿ, ಮಿಕ್ಕ ಬಣ್ಣದ ಜೊತೆಗೇ ಡಬ್ಬಿಯೊಳಗೆ ಕಲ್ಲಾಗಿ ನಿಂತಿತ್ತು. ಎತ್ತಿದರೆ ಡಬ್ಬಿ ಸಮೇತ ಬರುತ್ತೆ. ಹೆಂಡತಿ ಅದನ್ನು ಹಾಗೇ ಎತ್ತಿಕೊಂಡು, ಏನೂ ಮಾತಾಡದೆ, ಊಟದ ಮೇಜಿನ ಮಧ್ಯ ಇಟ್ಟಳು. ಆವತ್ತು ಅನ್ನ ತಿಂದೆವು.

ತೊಟ್ಟಿ ಈಗ ಚೆನ್ನಾಗೇ ಇದೆ ಅಂತ ಹೇಳಬೇಕು. ಇಟ್ಟಿಗೆ ಹೊತ್ತಿದೆ, ಯಾರದೋ ಫ್ರಿಜ್ ಹೊತ್ತಿದೆ, ಗೀರೂ ಇಲ್ಲ. ಆ ಒಂದು ಮೂಲೆ ಮಾತ್ರ, ಉಜ್ಜದೇ ಬಿಟ್ಟಿದ್ದು, ಎರಡು ತಿಂಗಳಿಗೇ ಹಾವಿನ ಪೊರೆ ಹಾಗೆ ಎದ್ದು ಬಂತು. ಅಪ್ಪನಿಗೆ ವಿಡಿಯೋದಲ್ಲಿ ಇಡೀ ತೊಟ್ಟಿ ತೋರಿಸುವಾಗ ಆ ಮೂಲೆ ಬಾರದ ಹಾಗೆ ಫೋನ್ ತಿರುಗಿಸಿದೆ. ಅಪ್ಪ "ಆ ಎಡಗಡೆ ಸ್ವಲ್ಪ ತೋರ್ಸು" ಅಂದರು. ನೆಟ್‌ವರ್ಕ್ ಸರಿ ಇಲ್ಲ ಅಂದು ಕಟ್ ಮಾಡಿದೆ.

ಮಾರ್ಚಿನಲ್ಲಿ ಅತ್ತೆ ಬಂದರು. ಸೂಟ್‌ಕೇಸ್ ತೆಗೆದಾಗ ಚಟ್ನಿಪುಡಿ, ಹಪ್ಪಳದ ನಡುವೆ ಈ ಸಲ ಎರಡು ಕೋಲು ಓರೆಯಾಗಿ ಮಲಗಿದ್ದವು. ಒಂದರ ಮೇಲೆ ಏನೂ ಇರಲಿಲ್ಲ. ಇನ್ನೊಂದರ ಹಿಡಿಗೆ ಮಾರ್ಕರ್ ಪೆನ್ನಿನಲ್ಲಿ ದಪ್ಪಗೆ ಬರೆದಿತ್ತು: "ಅಳಿಯಂದಿರದ್ದು".