ಸಾಹೇಬರು ರಿಟೈರ್ಡ್ ಹರ್ಟ್

ನಲವತ್ತನೇ ವಯಸ್ಸಿಗೆ ನನಗೆ ಬಡ್ತಿ ಸಿಕ್ಕಿತು. ಅದರ ಬೆನ್ನಿಗೇ ಪುಣೆ ಆಫೀಸಿನ ಫೋನೂ ಗಂಟುಬಿತ್ತು. ಅವರಿಗೆ ಕನ್ನಡ ಬರುವುದಿಲ್ಲ, ನನಗೆ ಮರಾಠಿ ಬರುವುದಿಲ್ಲ. ಹಿಂದಿಯಲ್ಲಿ ನಾನು ಮಾತಾಡಿದರೆ ಗಂಡಸರೆಲ್ಲ ಹೆಂಗಸರಾಗುತ್ತಾರೆ. ಉಳಿದದ್ದು ಇಂಗ್ಲಿಷು, ಅದೂ ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದಕ್ಕೆ ಪಾಸಾದ ಇಂಗ್ಲಿಷು.

ಹೊಸಪೇಟೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳಿಗೆ ಬರವಿಲ್ಲ. ಆದರೆ ಪಿಯುಸಿ ಹುಡುಗರ ಪಕ್ಕ ಕೂತು 'ದಿಸ್ ಈಸ್ ಎ ಪೆನ್' ಅನ್ನಲು ನಾಚಿಕೆ. ಆಗ ಗೆಳೆಯನೊಬ್ಬ ಹೇಳಿದ, "ಕ್ರಿಕೆಟ್ ಹೆಂಗೂ ನೋಡ್ತೀಯ. ಇಂಗ್ಲಿಷ್ ಕಾಮೆಂಟರಿ ಹಾಕ್ಕೊಂಡು ನೋಡು. ಫೀಸಿಲ್ಲ, ಹೋಂವರ್ಕ್ ಇಲ್ಲ."

ಹೀಗೆ 2019ರ ವಿಶ್ವಕಪ್ ನನ್ನ ಮೊದಲ ಸೆಮಿಸ್ಟರ್ ಆಯಿತು. ಅವ್ವನಿಗೆ ಕನ್ನಡ ಕಾಮೆಂಟರಿಯೇ ಬೇಕು. ರಿಮೋಟು ನಮ್ಮಿಬ್ಬರ ನಡುವೆ ಓಡಾಡಿ ಓಡಾಡಿ ಬ್ಯಾಟರಿ ಮುಚ್ಚಳ ಕಳೆದುಕೊಂಡಿತು. ನಾನು ಇನ್ನೂರು ಪೇಜಿನ ನೋಟ್‌ಬುಕ್ ಹಿಡಿದು ಕೂತೆ. ಆಟ ನಡೆಯುವಾಗ ಒಂದಕ್ಷರ ತಲೆಗೆ ಹೋಗುತ್ತಿರಲಿಲ್ಲ. ಪುಣ್ಯಕ್ಕೆ ಆ ವರ್ಷ ಇಂಗ್ಲೆಂಡಿನಲ್ಲಿ ಮಳೆಯೋ ಮಳೆ. ನಾಟಿಂಗ್‌ಹ್ಯಾಮಿನಲ್ಲಿ ನ್ಯೂಜಿಲೆಂಡ್ ಜೊತೆಗಿನ ಮ್ಯಾಚು ಟಾಸ್ ಕೂಡ ಆಗದೆ ಕೊಚ್ಚಿಹೋಯಿತು. ಊರೆಲ್ಲ ಬೈದುಕೊಂಡಿತು, ನಾನು ಮಾತ್ರ ಖುಷಿಯಾಗಿದ್ದೆ. ಮಳೆ ಬಂದರೆ ಕಾಮೆಂಟೇಟರುಗಳು ಆರಾಮಾಗಿ, ನಿಧಾನಕ್ಕೆ ಮಾತಾಡುತ್ತಾರೆ. ಡ್ರಿಜಲ್, ಓವರ್‌ಕಾಸ್ಟ್, ಕವರ್ಸ್, ಸೂಪರ್ ಸಾಪರ್. ಬ್ಯಾಂಕ್ ಲೋನಿನ ಬಗ್ಗೆ ಇಂಗ್ಲಿಷಿನಲ್ಲಿ ನನಗೆ ಇವತ್ತಿಗೂ ಒಂದು ವಾಕ್ಯ ಬರುವುದಿಲ್ಲ. ಮಳೆಯ ಬಗ್ಗೆ ಕೇಳಿ, ಅರ್ಧ ಗಂಟೆ ಮಾತಾಡುತ್ತೇನೆ.

ಟೆಸ್ಟ್ ಮ್ಯಾಚಿನ ಮಾತು ಬಂದು, ದಿನದಾಟದ ಕೊನೆಗೆ ಒಳ್ಳೆಯ ಬ್ಯಾಟ್ಸ್‌ಮನ್ನನ್ನು ಉಳಿಸಲು ಅವನ ಬದಲು ಕಳಿಸುವವನಿಗೆ ನೈಟ್‌ವಾಚ್‌ಮನ್ ಅನ್ನೋ ಪದ ಬಂದ ದಿನ ಅವ್ವ, "ಅವನ ಕೈಯಾಗ ಸೀಟಿ ಎಲ್ಲೈತಿ?" ಅಂತ ಕೇಳಿದಳು. ಸೆಮಿಫೈನಲ್ಲಿನಲ್ಲಿ ನ್ಯೂಜಿಲೆಂಡಿನ ಗಪ್ಟಿಲ್ ಎಸೆದ ಚೆಂಡು ನೇರ ವಿಕೆಟ್ಟಿಗೆ ಬಡಿದು ಧೋನಿ ರನೌಟಾದಾಗ ಕಾಮೆಂಟರಿಯಲ್ಲಿ 'ಹಾರ್ಟ್‌ಬ್ರೇಕ್' ಅಂತ ಕೇಳಿಸಿತು. ಏನಂದ ಅಂತ ಕೇಳಿದಳು. "ಎದೆ ಒಡೀತು ಅಂದ." ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಇಷ್ಟು ಹೇಳಾಕ ಇಂಗ್ಲೀಷ್ ಯಾಕ ಬೇಕಿತ್ತು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉಚ್ಚಾರಣೆ ಸುಧಾರಿಸಲಿ ಅಂತ ಯೂಟ್ಯೂಬಿನಲ್ಲಿ ಇಂಗ್ಲೆಂಡಿನ ಹಳೆಯ ಆಟಗಾರ ಜೆಫ್ರಿ ಬಾಯ್ಕಾಟ್ ಅವರ ಹಳೆಯ ಕಾಮೆಂಟರಿಯನ್ನೂ ಹುಡುಕಿ ಕೇಳಿದೆ. ಅವರದು ಯಾರ್ಕ್‌ಶೈರ್ ಇಂಗ್ಲಿಷು. ರಬ್ಬಿಶ್ ಅನ್ನುವುದು ಅವರ ಬಾಯಲ್ಲಿ 'ರುಬ್ಬಿಶ್' ಆಗುತ್ತದೆ. ವಾರಗಟ್ಟಲೆ ನಾನು, ಬೌಲರನ್ನು ಚೆನ್ನಾಗಿ ರುಬ್ಬುತ್ತಿದ್ದಾರೆ ಅಂತಲೇ ತಿಳಿದಿದ್ದೆ. ಅರ್ಥ ಏನೂ ಅಷ್ಟು ದೂರ ಹೋಗಿರಲಿಲ್ಲ ಬಿಡಿ.

ಕಾಮೆಂಟರಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಮ್ಯಾಚ್ ಮುಗಿದ ಮೇಲಿನ ಸಂದರ್ಶನ. ಗೆದ್ದ ಕ್ಯಾಪ್ಟನ್, ಸೋತ ಕ್ಯಾಪ್ಟನ್, ಕೊಲಂಬೊದವನು, ಢಾಕಾದವನು, ಎಲ್ಲರೂ ಅದೇ ಹತ್ತು ವಾಕ್ಯಗಳಲ್ಲಿ ಕೆಲಸ ಮುಗಿಸುತ್ತಾರೆ. 'ಯಾ, ಅಬ್ವಿಯಸ್ಲಿ' ಅಂತ ಶುರು. 'ಕ್ರೆಡಿಟ್ ಗೋಸ್ ಟು ದ ಬಾಯ್ಸ್' ಅಂತ ಮುಕ್ತಾಯ. ಹತ್ತನ್ನೂ ಬಾಯಿಪಾಠ ಮಾಡಿದೆ. ಒಮ್ಮೆ ನಲವತ್ತು ಚೀಲ ಬಿತ್ತನೆ ಬೀಜ ಗೋದಾಮಿನಲ್ಲಿ ನೆನೆದು ಮೊಳಕೆ ಒಡೆಯಿತು. ಪುಣೆಯವರು ಏನಾಯಿತು ಅಂತ ಕೇಳಿದರು. "ಯಾ, ಅಬ್ವಿಯಸ್ಲಿ ಕಂಡಿಶನ್ಸ್ ವರ್ ಡಿಫಿಕಲ್ಟ್. ಬಟ್ ವಿ ವಿಲ್ ಟೇಕ್ ದ ಪಾಸಿಟಿವ್ಸ್, ಸರ್." ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, ಪಾಸಿಟಿವ್ ಯಾವುದು ಅಂತ ಕೇಳಿದರು. ಬೀಜ ಚೆನ್ನಾಗಿ ಮೊಳಕೆಯೊಡೆಯುತ್ತದೆ ಅಂತ ಗೊತ್ತಾಯಿತಲ್ಲ ಸರ್ ಅನ್ನಬೇಕಿತ್ತು. ಅಷ್ಟು ಇಂಗ್ಲಿಷ್ ಬರಲಿಲ್ಲ.

ಟೆನಿಸನ್ನೂ ಬಿಡಲಿಲ್ಲ. ಸೊನ್ನೆಗೆ 'ಲವ್' ಅನ್ನುತ್ತಾರೆ ಅಂತ ಗೊತ್ತಾದ ವಾರವೇ, ಸ್ಟಾಕ್ ಎಷ್ಟಿದೆ ಅಂತ ಕೇಳಿದ ಪುಣೆಯ ಮೇಡಂಗೆ "ಲವ್, ಮೇಡಂ" ಅಂದೆ. ಮರುದಿನದಿಂದ ಸ್ಟಾಕ್ ಕೇಳಲು ಬೇರೊಬ್ಬ ಗಂಡಸಿನ ಫೋನ್ ಬರತೊಡಗಿತು.

ದೊಡ್ಡ ಅನಾಹುತ ಆಗಿದ್ದು ನಮ್ಮ ಸಾಹೇಬರ ಬೀಳ್ಕೊಡುಗೆಯಲ್ಲಿ. ಪುಣೆಯಿಂದ ಮೂವರು ಬಂದಿದ್ದರು, ನಾನೇ ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ನೋಟ್‌ಬುಕ್ ತಿರುವಿದೆ. ರಿಟೈರ್ಡ್ ಅಂದರೆ ನಿವೃತ್ತಿ, ಹರ್ಟ್ ಅಂದರೆ ನೋವು. ನಿವೃತ್ತಿಯ ನೋವನ್ನು ಇದಕ್ಕಿಂತ ಚೆಂದ ಹೇಳಲು ಸಾಧ್ಯವೇ? "ಟುಡೇ ಅವರ್ ಬಿಲವ್ಡ್ ಸರ್ ಈಸ್ ರಿಟೈರ್ಡ್ ಹರ್ಟ್" ಅಂದೆ. ಪುಣೆಯವರು ಬಿದ್ದು ಬಿದ್ದು ನಕ್ಕರು. ಎರಡು ವರ್ಷದಿಂದ ಮಂಡಿನೋವಿನಲ್ಲಿ ಕುಂಟುತ್ತಿದ್ದ ಸಾಹೇಬರು ಮಾತ್ರ ನಗಲಿಲ್ಲ. ಆದರೆ ಕ್ರಿಕೆಟ್ಟಿನಲ್ಲಿ ರಿಟೈರ್ಡ್ ಹರ್ಟ್ ಆದವನು, ಅಂದರೆ ಗಾಯವಾಗಿ ಅರ್ಧಕ್ಕೆ ಹೊರನಡೆದವನು, ಮತ್ತೆ ಬಂದು ಬ್ಯಾಟ್ ಮಾಡಬಹುದು ಅನ್ನುವುದೂ ನಿಯಮವೇ ಅಲ್ವಾ? ಮೂರು ತಿಂಗಳಿಗೆ ಸಾಹೇಬರು ಸಲಹೆಗಾರರಾಗಿ ಅದೇ ಕುರ್ಚಿಗೆ ಬಂದು ಕೂತರು. ನನ್ನನ್ನು ಮಾತಾಡಿಸಲು ಮತ್ತೆರಡು ತಿಂಗಳು ಹಿಡಿಯಿತು.

ಹೋದ ಚಳಿಗಾಲದಲ್ಲಿ ರೈಲ್ವೆ ಸ್ಟೇಷನ್ ಹತ್ತಿರದ ಟೀ ಅಂಗಡಿಯಲ್ಲಿ ನಿಂತಿದ್ದೆ. ಬೆನ್ನಿಗೆ ದೊಡ್ಡ ಬ್ಯಾಗು ಹೊತ್ತ ವಿದೇಶಿಯೊಬ್ಬರು ಬಂದು, ಹಂಪಿ ಬಸ್ಸು ಎಲ್ಲಿ ಸಿಗುತ್ತದೆ ಅಂತ ಕೇಳಿದರು. ನೇರ ಹೋಗಿ ಲೆಫ್ಟ್ ತಗೊಳ್ಳಿ ಅಂದಿದ್ದರೆ ಮುಗಿದಿತ್ತು. ಆಟೋದವರಿಗೆ ದಿನಾ ಹೇಳುವ ಮಾತೇ. ಆದರೆ ಅವರ ತಲೆಯ ಮೇಲೆ ಇಂಗ್ಲೆಂಡ್ ಕ್ರಿಕೆಟ್ ತಂಡದ ಟೋಪಿ ಇತ್ತು. ನನಗೆ ಸುಮ್ನಿರಲು ಆಗಲಿಲ್ಲ.

"ಸ್ಟ್ರೈಟ್ ಡ್ರೈವ್, ಸರ್. ದೆನ್ ಆಫ್ ಸೈಡ್."

ಅವರ ಮುಖ ಅರಳಿತು. "ರೈಟ್ ಹ್ಯಾಂಡರ್?" ಅಂತ ಕೇಳಿದರು. "ಯಾ, ಅಬ್ವಿಯಸ್ಲಿ" ಅಂದೆ. ಕೈ ಕುಲುಕಿ ಹೊರಟರು. ಐದು ವರ್ಷದ ತಪಸ್ಸು ಫಲ ಕೊಟ್ಟಿತು ಅಂತ ಇನ್ನೊಂದು ಟೀ ಹೇಳಿದೆ.

ಟೀ ಅರ್ಧಕ್ಕೆ ಬಂದಾಗ ಎದೆ ಧಸಕ್ಕೆಂದಿತು. ನಾನು ಕ್ರಿಕೆಟ್ ಆಡಿದ್ದು ಕಮ್ಮಿ, ಟೀವಿಯಲ್ಲಿ ನೋಡಿದ್ದೇ ಜಾಸ್ತಿ. ಟೀವಿ ಕ್ಯಾಮೆರಾ ಇರುವುದು ಬೌಲರ್ ಬೆನ್ನ ಹಿಂದೆ, ಹಾಗಾಗಿ ನನಗೆ ಆಫ್ ಸೈಡ್ ಅಂದರೆ ಎಡಕ್ಕೆ. ಬ್ಯಾಟ್ ಹಿಡಿದು ನಿಂತವನಿಗೆ ಅದೇ ಆಫ್ ಸೈಡ್ ಬಲಕ್ಕೆ. ಆ ಪುಣ್ಯಾತ್ಮ ನೋಡಿದರೆ ಬ್ಯಾಟ್ ಹಿಡಿದವರ ಹಾಗಿದ್ದರು.

ಅರ್ಧ ಗಂಟೆ ಬಿಟ್ಟು ರಸ್ತೆಯ ಆ ತುದಿಯಲ್ಲಿ ಅದೇ ಟೋಪಿ ಕಾಣಿಸಿತು. ಬೆವರು ಸುರಿಸುತ್ತಾ ನನ್ನ ಕಡೆಗೇ ಬರುತ್ತಿದ್ದರು. ಬೈಯುತ್ತಾರೆ ಅಂತ ಟೀ ಲೋಟ ಕೆಳಗಿಟ್ಟೆ. ಅವರು ದೂರದಿಂದಲೇ ಎರಡೂ ಕೈ ಎತ್ತಿ, ಒಂದರ ಮೇಲೊಂದು ಅಡ್ಡ ಇಟ್ಟು, 'ಟಿ' ಮಾಡಿ ತೋರಿಸಿದರು. ಅಂಗಡಿಯವನು ಇನ್ನೊಂದು ಟೀ ಸೋಸಿದ. ನಾನು ಮಾತ್ರ ಅದು ಡಿಆರ್‌ಎಸ್, ಅಂದರೆ ಅಂಪೈರ್ ತೀರ್ಪನ್ನು ಮತ್ತೊಮ್ಮೆ ಪರಿಶೀಲಿಸಿ ಅಂತ ಆಟಗಾರರು ಮಾಡುವ ಸನ್ನೆ ಅಂತ ಗೊತ್ತಾಗಿ ಬ್ಯಾಗ್ ಎತ್ತಿಕೊಂಡು ಅವರ ಜೊತೆ ನಡೆದೆ.